ಶಾರ್ಕ್ ಮೀನಿನ ಮೊಟ್ಟೆ ಮತ್ತು ತಾಯಿಯ ಪಾಲು

ಮಗುವಿನ ಹುಟ್ಟಿನಲ್ಲಿ ತಾಯಿಯ ಪಾಲೆಷ್ಟು, ತಂದೆಯ ಪಾಲೆಷ್ಟು? ಇದು ಬಹು ಹಳೆಯ ಪ್ರಶ್ನೆ. ಗಂಡು ಬೀಜ, ಹೆಣ್ಣು ಕ್ಷೇತ್ರ. ಎರಡರಲ್ಲಿ ಬೀಜವೇ ಮೇಲು ಎಂದು ನಮ್ಮ ಮನುಸ್ಮೃತಿ ತೀರ್ಪು ಕೊಟ್ಟಿತು. ಗ್ರೀಸಿನ ಅರಿಸ್ಟಾಟಲನ ಅಭಿಪ್ರಾಯವೂ ಹೆಚ್ಚು ಕಡಿಮೆ ಅದೇ. ತಾಯಿ ಒದಗಿಸುವುದು ಬರಿಯ ದ್ರವ್ಯವನ್ನು, ಅದಕ್ಕೆ ರೂಪ ಕೊಡುವವನು ತಂದೆ ಎಂದು ಅವನು ವಾದಿಸಿದ. ತಾಯಿ ಮಣ್ಣು, ತಂದೆ ಕುಂಬಾರ ಎಂದಂತಾಯಿತು. ಈ ಹಳೆಯ ತೀರ್ಪನ್ನು ತಿದ್ದುವುದರಲ್ಲಿ ಶಾರ್ಕ್ ಮೀನುಗಳ ಪಾತ್ರವೂ ಇದೆ ಎಂಬುದು ಬಹಳ ಮಂದಿಗೆ ತಿಳಿಯದು.

ಶಾರ್ಕು ಮತ್ತು ತೊರಕೆಗಳಿಗೆ ಗಟ್ಟಿ ಮೂಳೆಯಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿಯೇ ಅವುಗಳ ಅಸ್ಥಿಪಂಜರ. ಮಲ್ಪೆ, ಮಂಗಳೂರುಗಳ ದಕ್ಕೆಯಲ್ಲಿ ಕಾಣುವ, ಚಾಟಿಯಂಥ ಬಾಲದ ಮುಳ್ಳುತೊರಕೆ ಮರಿ ಹಾಕುತ್ತದೆ. ಆದರೆ ತಣ್ಣೀರಿನಲ್ಲೂ ಆಳದಲ್ಲೂ ಹೆಚ್ಚಾಗಿರುವ ಅದರ ದಾಯಾದಿ ಸ್ಕೇಟ್ ಮೀನು ಮೊಟ್ಟೆ ಇಡುತ್ತದೆ. ಶಾರ್ಕುಗಳಲ್ಲೂ ಎರಡು ಬಗೆ ಉಂಟು. ಮೊಟ್ಟೆ ಎಂದರೆ ಕೋಳಿಮೊಟ್ಟೆಯಂಥದಲ್ಲ. ತೊಗಲಿನ ಚೀಲದಂಥ ಕಂದು ಕವಚ, ಮೂಲೆಗಳಲ್ಲಿ ಕೊಂಬು ಅಥವಾ ಬಳ್ಳಿಯಂಥ ಕುಡಿಗಳು. ಒಳಗಿನ ಮರಿ ತಿಂಗಳುಗಟ್ಟಲೆ ಬಂಡಾರವನ್ನುಂಡು ಬೆಳೆಯುತ್ತದೆ. ಈ ಕವಚಗಳನ್ನು ಅರಿಸ್ಟಾಟಲ್ ಕಂಡು ವರ್ಣಿಸಿದ್ದ. ಕೆಲವು ಶಾರ್ಕುಗಳು ಮೊಟ್ಟೆ ಇಡುತ್ತವೆ, ಕೆಲವು ಮರಿ ಹಾಕುತ್ತವೆ ಎಂಬುದೂ ಅವನಿಗೆ ಗೊತ್ತಿತ್ತು. ಅವನ ಕಣ್ಣು ಚುರುಕಾಗಿತ್ತು. ಸಿದ್ಧಾಂತ ಮಾತ್ರ ತಂದೆಯ ಕಡೆಗೆ ವಾಲಿತ್ತು.

ಮುಂದಿನ ಹೆಜ್ಜೆ ಬಿದ್ದದ್ದು ಇಟಲಿಯಲ್ಲಿ. ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ನಿಕೋಲಾಸ್ ಸ್ಟೆನೊ ಫ್ಲಾರೆನ್ಸಿನಲ್ಲಿದ್ದಾಗ, ೧೬೬೬ರಲ್ಲಿ ಲಿವೋರ್ನೊ ಬಳಿ ಒಂದು ಭಾರಿ ಶಾರ್ಕು ಸಿಕ್ಕಿತು. ಅದರ ತಲೆಯನ್ನು ಕೊಯ್ದು ನೋಡಿ ಮರುವರ್ಷ ಅವನು ಬರೆದ ಗ್ರಂಥ ಭೂವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಯಿತು. ಅದರ ಜೊತೆಗೇ ಮರಿ ಹಾಕುವ ಇನ್ನೊಂದು ಸಣ್ಣ ಶಾರ್ಕಿನ ಅಂಗರಚನೆಯನ್ನೂ ಅವನು ವಿವರಿಸಿದ. ಮರಿ ಹಾಕುವ ಈ ಮೀನಿನಲ್ಲೂ ಮೊಟ್ಟೆ ಇಡುವ ಪ್ರಾಣಿಗಳಲ್ಲಿರುವಂತೆ ಅಂಡಾಶಯವಿದೆ. ಹಾಗಾದರೆ ಅಂದಿನ ವೈದ್ಯರು ಸ್ತ್ರೀಯರ 'ವೃಷಣ' ಎಂದು ಕರೆಯುತ್ತಿದ್ದ ಅಂಗವೂ ಅಂಡಾಶಯವೇ ಎಂದು ಸ್ಟೆನೊ ೧೬೬೭ರಲ್ಲಿ ಸಾರಿದ. ತಾಯಿ ಬರಿಯ ಹೊಲವಲ್ಲ, ಅವಳಲ್ಲೂ ಬೀಜವಿದೆ ಎಂಬ ಮಾತಿಗೆ ಬಲ ಬಂದದ್ದು ಹೀಗೆ. ಆದರೂ ಸಸ್ತನಿಯೊಂದರ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಸ್ಪಷ್ಟವಾಗಿ ಕಂಡು ಪ್ರಕಟಿಸಿದ್ದು ೧೮೨೭ರಲ್ಲಿ. ಒಂದು ಊಹೆ ಪುರಾವೆಯಾಗಲು ೧೬೦ ವರ್ಷ ಬೇಕಾಯಿತು.

ತಂದೆಯೇ ಇಲ್ಲದ ಜನನ ಪ್ರಾಣಿಲೋಕದಲ್ಲಿ ಇಲ್ಲವೆಂದಲ್ಲ. ಸಸ್ಯಹೇನುಗಳಲ್ಲಿ ಅದನ್ನು ೧೮ನೆಯ ಶತಮಾನದಲ್ಲೇ ಕಂಡಿದ್ದರು. ಆಮೇಲೆ ಕೆಲವು ಹಲ್ಲಿ, ಹಕ್ಕಿ, ಮೂಳೆಮೀನುಗಳೂ ಈ ಪಟ್ಟಿಗೆ ಸೇರಿದವು. ಇದಕ್ಕೆ ಅನಿಷೇಕಜನನ ಎಂದು ಹೆಸರು. ಆದರೆ ಶಾರ್ಕುಗಳಲ್ಲಿ ಹೀಗಾದೀತೆಂದು ಯಾರೂ ಎಣಿಸಿರಲಿಲ್ಲ.

೨೦೦೧ರ ಡಿಸೆಂಬರಿನಲ್ಲಿ ಅಮೆರಿಕದ ಒಮಾಹಾ ಪಟ್ಟಣದ ಮೃಗಾಲಯದಲ್ಲಿ, ಬಾನೆಟ್‌ಹೆಡ್ ಜಾತಿಯ ಹೆಣ್ಣು ಶಾರ್ಕುಗಳು ಮಾತ್ರ ಇದ್ದ ಕೊಳದಲ್ಲಿ, ಒಂದು ಮರಿ ಹುಟ್ಟಿತು. ತಾಯಂದಿರೆಲ್ಲ ಎಳೆಯ ವಯಸ್ಸಿನಲ್ಲೇ ಹಿಡಿದು ತಂದವು. ಮೂರು ವರ್ಷ ಗಂಡಿನ ಮುಖ ಕಂಡಿರಲಿಲ್ಲ. ಹಿಂದೆಂದೋ ಕೂಡಿದ ಗಂಡಿನ ವೀರ್ಯವನ್ನು ಶೇಖರಿಸಿಟ್ಟಿರಬಹುದು ಎಂಬುದು ಮೊದಲ ಊಹೆ. ಅದೇನೂ ಅಸಂಭವವಲ್ಲ. ಬಿದಿರು ಶಾರ್ಕಿನ ಒಂದು ಜಾತಿ ೪೫ ತಿಂಗಳು ವೀರ್ಯವನ್ನು ಕಾದಿಟ್ಟುಕೊಂಡು ಮರಿ ಮಾಡಿದ ಸಂಗತಿ ೨೦೧೫ರಲ್ಲಿ ವರದಿಯಾಗಿದೆ. ಆದರೆ ಒಮಾಹಾದ ಮರಿಯ ಡಿ.ಎನ್.ಎ. ಪರೀಕ್ಷಿಸಿದಾಗ ತಂದೆಯಿಂದ ಬಂದ ಅಂಶದ ಸುಳಿವೇ ಇರಲಿಲ್ಲ. ಈ ಫಲಿತಾಂಶ ೨೦೦೭ರಲ್ಲಿ ಪ್ರಕಟವಾಯಿತು.

ಇದು ಮರಿ ಹಾಕುವ ಶಾರ್ಕಿನ ಕಥೆ. ಮೊಟ್ಟೆ ಇಡುವವುಗಳದು ಇನ್ನೂ ಸ್ವಾರಸ್ಯ. ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುವಂತೆ ಇವೂ ಗಂಡಿಲ್ಲದೆ ಮೊಟ್ಟೆ ಇಡುತ್ತವೆ. ಗಂಡಿಲ್ಲದ ತೊಟ್ಟಿಯ ಮೊಟ್ಟೆ ಬಂಜೆ ಎಂದು ಭಾವಿಸುವುದು ಸಹಜ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, 'ಅನುಪಯುಕ್ತ' ಎಂದು ಷರಾ ಬರೆದು ವಿಲೇವಾರಿ ಮಾಡುವಂಥ ವಸ್ತು. ಆದರೆ ೨೦೦೨ರಲ್ಲಿ ಡೆಟ್ರಾಯಿಟ್ ನಗರದ ಬೆಲ್ ಐಲ್ ಮತ್ಸ್ಯಾಲಯದಲ್ಲಿ ಬಿಳಿಚುಕ್ಕೆಯ ಬಿದಿರು ಶಾರ್ಕಿನ ಇಂಥ ಮೊಟ್ಟೆಗಳನ್ನು ಎಸೆಯದೆ ಉಳಿಸಿಕೊಂಡದ್ದರಿಂದ ಮರಿಗಳು ಹೊರಬಂದವು. ಅವು ಐದು ವರ್ಷಕ್ಕೂ ಮೀರಿ ಬದುಕಿದವು. ತಂದೆಯಿಲ್ಲದ ಮಕ್ಕಳೆಂಬುದು ೨೦೧೦ರಲ್ಲಿ ರುಜುವಾತಾಯಿತು.

ಇದು ನಡೆಯುವ ಬಗೆ ಹೀಗೆ: ಅಂಡಾಣು ಸಿದ್ಧವಾಗುವಾಗ ತಾಯಿಯ ವರ್ಣತಂತುಗಳು ಅರ್ಧಕ್ಕಿಳಿಯುತ್ತವೆ. ಆಗ ದೊಡ್ಡ ಅಂಡಾಣುವಿನ ಜೊತೆಗೆ, ಸಾಮಾನ್ಯವಾಗಿ ನಶಿಸಿಹೋಗುವ ಪುಟ್ಟ ಕೋಶಗಳೂ ಹುಟ್ಟುತ್ತವೆ. ಇಲ್ಲಿ ಅಂಥದೊಂದು ಕೋಶ ಮರಳಿ ಅಂಡಾಣುವನ್ನೇ ಸೇರಿ ವೀರ್ಯದ ಸ್ಥಾನ ತುಂಬುತ್ತದೆ. ಹಾಗೆಂದು ಮರಿ ತಾಯಿಯ ಕಾರ್ಬನ್ ಪ್ರತಿಯಲ್ಲ. ತಾಯಿಯಲ್ಲಿ ಪ್ರತಿ ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ, ಅವು ಭಿನ್ನವಾಗಿಯೂ ಇರಬಹುದು. ಮರಿಯಲ್ಲಿ ಬಹುಮಟ್ಟಿಗೆ ಅವುಗಳಲ್ಲಿ ಒಂದೇ ಜೋಡಿಯಾಗಿ ಕೂರುತ್ತದೆ. ತಾಯಿಯಲ್ಲಿ ಅಡಗಿದ್ದ ದೋಷವೂ ಹೀಗೆ ಜೋಡಿಯಾದರೆ ಮರಿಯಲ್ಲಿ ಪ್ರಕಟವಾಗುತ್ತದೆ. ಇನ್ನೊಂದು ಮಾತು: ತಾಯಿಯ ಬಳಿ ಇರುವುದು ಎಕ್ಸ್ ವರ್ಣತಂತು ಮಾತ್ರ, ಆದ್ದರಿಂದ ಇಂಥ ಮರಿಗಳು ಹೆಣ್ಣೇ.

ಗಂಡು ಸಿಗದಿದ್ದರೆ ಮಾತ್ರ ಇದು ಕೊನೆಯ ಉಪಾಯವೇ? ಆಸ್ಟ್ರೇಲಿಯದ ಟೌನ್ಸ್‌ವಿಲ್ ಮತ್ಸ್ಯಾಲಯದ ಜೀಬ್ರಾ ಶಾರ್ಕೊಂದು ಮೊದಲು ಗಂಡಿನೊಡನೆ ಕೂಡಿ ಮರಿ ಮಾಡಿತ್ತು. ೨೦೧೨ರಲ್ಲಿ ಗಂಡನ್ನು ಬೇರ್ಪಡಿಸಿದರು. ೨೦೧೬ರಲ್ಲಿ ಅದರ ಮೊಟ್ಟೆಗಳಿಂದ ಮೂರು ಮರಿಗಳು ಬಂದವು, ತಾಯಿಯೊಬ್ಬಳಿಂದಲೇ. ಆದರೆ ಷಿಕಾಗೋದ ಶೆಡ್ ಮತ್ಸ್ಯಾಲಯದಲ್ಲಿ ಯೋಗ್ಯ ಗಂಡುಗಳು ಜೊತೆಯಲ್ಲೇ ಇದ್ದರೂ ಜೀಬ್ರಾ ಶಾರ್ಕು ತಂದೆಯಿಲ್ಲದ ಮರಿಗಳನ್ನು ಪಡೆದ ಸಂಗತಿ ೨೦೨೨ರಲ್ಲಿ ಹೊರಬಂತು. ಒಂಟಿತನವೇ ಕಾರಣ ಎಂಬ ವಾದ ಅಲ್ಲಿಗೆ ನಿಲ್ಲದಾಯಿತು. ಆ ಮರಿಗಳು ಮಾತ್ರ ಕೆಲವು ತಿಂಗಳಷ್ಟೇ ಬದುಕಿದವು.

ಇದು ಬರಿಯ ಕುತೂಹಲದ ವಿಷಯವಲ್ಲ. ಇಂಡೋನೇಷ್ಯದ ರಾಜಾ ಅಂಪಟ್ ದ್ವೀಪಗಳಲ್ಲಿ ಜೀಬ್ರಾ ಶಾರ್ಕು ಬೇಟೆಯಿಂದ ಬಹುತೇಕ ಅಳಿದುಹೋಗಿದೆ. ಮತ್ಸ್ಯಾಲಯಗಳ ಮೊಟ್ಟೆಗಳನ್ನು ವಿಮಾನದಲ್ಲಿ ತಂದು, ಅಲ್ಲಿಯೇ ಮರಿ ಮಾಡಿಸಿ, ೨೦೨೩ರ ಜನವರಿಯಲ್ಲಿ ಮೊದಲ ಮರಿಗಳನ್ನು ಸಮುದ್ರಕ್ಕೆ ಬಿಟ್ಟರು. ಇಂಥ ಕೆಲಸದಲ್ಲಿ ಯಾವ ಮೊಟ್ಟೆಗೆ ತಂದೆಯುಂಟು, ಯಾವುದಕ್ಕಿಲ್ಲ ಎಂಬ ಲೆಕ್ಕ ಮುಖ್ಯ. ತಂದೆಯಿಲ್ಲದ ಹೆಣ್ಣುಮರಿಗಳಿಂದ ತೊಟ್ಟಿ ತುಂಬೀತು, ಕಡಲು ತುಂಬದು. ಹೊಸ ರೋಗ, ಹೊಸ ಋತುಮಾನಗಳನ್ನು ಎದುರಿಸಲು ಸಂತತಿಯಲ್ಲಿ ವೈವಿಧ್ಯ ಬೇಕು. ಆ ವೈವಿಧ್ಯಕ್ಕೆ ತಂದೆಯೂ ಬೇಕು.

ಅಲ್ಲಿಗೆ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ತಾಯಿ ಮಣ್ಣಲ್ಲ, ಅವಳೂ ಕುಂಬಾರಳೇ. ತಂದೆಯ ಪಾಲೂ ಸುಳ್ಳಲ್ಲ. ಮನುಷ್ಯರಲ್ಲಂತೂ ಕೆಲವು ವಂಶವಾಹಿಗಳು ತಂದೆಯಿಂದ ಬಂದರಷ್ಟೇ ಕೆಲಸ ಮಾಡುತ್ತವೆ. ಅದರಿಂದ ನಮ್ಮಲ್ಲಿ ಇಬ್ಬರೂ ಬೇಕೇ ಬೇಕು. ಹೆಣ್ಣು ಹುಟ್ಟಿದರೆ ಸೊಸೆಯನ್ನು ದೂರುವ ಮನೆಗಳು ನಮ್ಮ ನಡುವೆ ಇಂದಿಗೂ ಇವೆ. ಶಾರ್ಕಿನ ತಾಯಿ ಒಬ್ಬಳೇ ಹೆತ್ತಾಗ ಮರಿ ಹೆಣ್ಣಾಗುವುದು, ಕೊಡಲು ಅವಳ ಬಳಿ ಎಕ್ಸ್ ಹೊರತು ಬೇರೇನೂ ಇಲ್ಲದ್ದರಿಂದ. ನಮ್ಮ ಸೊಸೆಯಂದಿರ ಬಳಿಯೂ ಇರುವುದು ಅಷ್ಟೇ. ಮಗುವನ್ನು ಗಂಡಾಗಿಸುವ ವೈ ವರ್ಣತಂತು ಬರಬೇಕಾದದ್ದು ಮಗನ ಕಡೆಯಿಂದ. ದೂರುವ ಮುನ್ನ ಇಷ್ಟನ್ನು ಅತ್ತೆ ಮಾವಂದಿರು ತಿಳಿದುಕೊಂಡರೆ ಸಾಕು.