ನೋವಿಗೆಂದು ಹುಟ್ಟದ ಮಾತ್ರೆಗಳು

ಏಪ್ರಿಲ್ ತಿಂಗಳ ಮಧ್ಯಾಹ್ನ ಹಳೇಬೀಡಿಗೆ ಹೋಗಿದ್ದೀರಾ? ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಜಗತಿ ಹತ್ತಿದ ಕೂಡಲೇ ಎಲ್ಲರೂ ಕುಣಿಯೋಕೆ ಶುರು ಮಾಡ್ತಾರೆ. ಕಲ್ಲು ಅಷ್ಟು ಕಾದಿರುತ್ತೆ. ನಾನು ಚಿಕ್ಕವನಿದ್ದಾಗ ಅಪ್ಪ ಮಾತ್ರ ಅದರ ಮೇಲೆ ನಿಧಾನಕ್ಕೆ ನಡೆಯುತ್ತಾ ಆನೆಗಳ ಸಾಲು, ಕುದುರೆಗಳ ಸಾಲು ತೋರಿಸ್ತಿದ್ದರು. ಅಪ್ಪನಿಗೆ ಎಷ್ಟು ಧೈರ್ಯ ಅಂದ್ಕೊಂಡಿದ್ದೆ. ಅರಸೀಕೆರೆಗೆ ವಾಪಸ್ ಬಂದು ನೋಡಿದರೆ ಅಂಗಾಲಿನ ತುಂಬ ಬೊಬ್ಬೆ. ಅಪ್ಪನಿಗೆ ಬಿಸಿ ಗೊತ್ತೇ ಆಗಿರಲಿಲ್ಲ!

ವಿಚಿತ್ರ ಅಂದ್ರೆ, ಕಾದ ಕಲ್ಲಿನ ಮೇಲೆ ಏನೂ ಅನ್ನಿಸದ ಅದೇ ಪಾದ ರಾತ್ರಿ ಹಾಸಿಗೆಯಲ್ಲಿ ಉರಿಯುತ್ತಿತ್ತು. ಹೊದಿಕೆ ತಗುಲಿದರೂ ಸೂಜಿ ಚುಚ್ಚಿದ ಹಾಗೆ. ತಾತನಿಗೂ ಹಾಗೇ ಇತ್ತಂತೆ, ಒದ್ದೆ ಬಟ್ಟೆ ಸುತ್ತಿಕೊಂಡು ಮಲಗ್ತಿದ್ದರಂತೆ. ಬೇಲೂರಿನ ನೆಂಟರು 'ವಾಯು' ಅಂದರು, ಕೆಲವರು ಶಾಪ ಅಂದರು. ಹರಳೆಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಈಗ ನನ್ನ ಸರದಿ.

ಎಷ್ಟೋ ವರ್ಷ ಕ್ಯಾಲ್ಸಿಯಂ, ಬಿ12 ಅಂತ ಮಾತ್ರೆ ನುಂಗಿದ ಮೇಲೆ ಅರಸೀಕೆರೆಯಿಂದ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆ. ನರಗಳಲ್ಲಿ ವಿದ್ಯುತ್ ಎಷ್ಟು ವೇಗವಾಗಿ ಓಡುತ್ತೆ ಅಂತ ಅಳೆದರು. ಅಲ್ಲಿ ಕಾಯಿಲೆಗೆ ಒಂದು ಹೆಸರು ಸಿಕ್ಕಿತು: ಶಾರ್ಕೋ-ಮರೀ-ಟೂತ್. ಹಲ್ಲಿಗೂ ಇದಕ್ಕೂ ಸಂಬಂಧ ಇಲ್ಲ :) 1886ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಕೋ ಮತ್ತು ಮರೀ, ಇಂಗ್ಲೆಂಡಿನಲ್ಲಿ ಟೂತ್ ಇದನ್ನು ವಿವರಿಸಿದರು. ಸುಮಾರು 2500 ಜನರಲ್ಲಿ ಒಬ್ಬರಿಗೆ ಇರುತ್ತಂತೆ. ಇದರ ಅತಿ ಸಾಮಾನ್ಯ ಬಗೆಯಲ್ಲಿ 17ನೇ ವರ್ಣತಂತುವಿನ ಒಂದು ತುಣುಕು ಎರಡು ಸಲ ಬಂದಿರುತ್ತೆ ಅಂತ ಗೊತ್ತಾಗಿದ್ದು 1991ರಲ್ಲಿ. ವೈರಿನ ಮೇಲಿನ ಪ್ಲಾಸ್ಟಿಕ್‌ನಂತೆ ನರಕ್ಕಿರುವ ಹೊದಿಕೆ ಅದರಿಂದ ಕೆಡುತ್ತೆ. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಶಾಪ ಅಲ್ಲ ಅಂತ ಗೊತ್ತಾಯ್ತು. ಆದರೆ ಉರಿಗೆ ಏನು ಮಾಡೋದು? ಈ ಕಾಯಿಲೆಯಲ್ಲಿ ಶಕ್ತಿ ಕುಂದುತ್ತೆ, ನೋವೇನೂ ಅಷ್ಟಿರಲ್ಲ ಅನ್ನೋ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ನರದ ನೋವು ಇದರ ದೊಡ್ಡ ತೊಂದರೆ ಅಂತ ರೋಗಿಗಳನ್ನೇ ಕೇಳಿ ಪ್ರಕಟಿಸಿದ್ದು 1998ರಲ್ಲಿ.

ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ನಾಟೋದು ಕಡಿಮೆ. ಗಾಯ ಇಲ್ಲದಿದ್ದರೂ ನರವೇ ಸುಳ್ಳು ಸುದ್ದಿ ಕಳಿಸ್ತಿರುತ್ತಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ನರಕ್ಕೆ ಗುಂಡು ತಾಗಿದ ಸೈನಿಕರ ಉರಿಯ ಬಗ್ಗೆ ಡಾಕ್ಟರ್ ವೇರ್ ಮಿಚೆಲ್ 1872ರಲ್ಲಿ ಪುಸ್ತಕ ಬರೆದರು. ಆ ಸೈನಿಕರೂ ಒದ್ದೆ ಬಟ್ಟೆಯನ್ನೇ ಸುತ್ತಿಕೊಳ್ಳುತ್ತಿದ್ದರು. ಓದಿದಾಗ ತಾತ ನೆನಪಾದರು.

ಆಮೇಲೆ ಬಂದ ಔಷಧಿಗಳ ಕಥೆ ನೋಡಿ, ಒಂದೂ ನೋವಿಗೆಂದು ಹುಟ್ಟಿದ್ದಲ್ಲ. ಮೂರ್ಛೆರೋಗದ ಫೆನಿಟಾಯಿನ್ ಅನ್ನು 1942ರಲ್ಲಿ ಮುಖದ ನರದ ನೋವಿಗೆ ಕೊಟ್ಟು ನೋಡಿದರು. 1962ರಲ್ಲಿ ಕಾರ್ಬಮಜೆಪಿನ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಖಿನ್ನತೆಗೆಂದು 1961ರಲ್ಲಿ ಬಂದ ಅಮಿಟ್ರಿಪ್ಟಿಲಿನ್, ಸರ್ಪಸುತ್ತಿನ ನಂತರದ ನೋವಿಗೆ ಆಗುತ್ತೆ ಅಂತ 1982ರಲ್ಲಿ ತೋರಿಸಿದರು. ಗಾಬಾಪೆಂಟಿನ್ ಕಥೆ ಇನ್ನೂ ತಮಾಷೆ. ಮಿದುಳಿನ 'ಗಾಬಾ' ಎಂಬ ರಾಸಾಯನಿಕದ ಹಾಗೆ ಕೆಲಸ ಮಾಡಲಿ ಅಂತ ತಯಾರಿಸಿದ್ದು, ಅದು ಹಾಗೆ ಮಾಡಲೇ ಇಲ್ಲ. ನರಕೋಶದ ಕ್ಯಾಲ್ಸಿಯಂ ಬಾಗಿಲಿಗೆ ಅಂಟಿಕೊಳ್ಳುತ್ತೆ ಅಂತ 1996ರಲ್ಲಿ ತಿಳಿಯಿತು. ಮೂರ್ಛೆರೋಗಕ್ಕೆ ಮಾತ್ರ ಒಪ್ಪಿಗೆ ಇದ್ದಾಗಲೇ ಬೇರೆ ಕಾಯಿಲೆಗಳಿಗೂ ಪ್ರಚಾರ ಮಾಡಿದ್ದಕ್ಕೆ ಅಮೆರಿಕದಲ್ಲಿ 2004ರಲ್ಲಿ ಕಂಪನಿ 43 ಕೋಟಿ ಡಾಲರ್ ತೆತ್ತಿತು. ಅದರ ತಮ್ಮ ಪ್ರಿಗಾಬಲಿನ್‌ಗೆ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷದ ಕೊನೆಗೆ.

ಹಾಗಂತ ಇವು ರಾಮಬಾಣ ಅಲ್ಲ. 2015ರಲ್ಲಿ ಎಲ್ಲ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸಿಕ್ಕ ಲೆಕ್ಕ ಇದು: ಬರೀ ಹಿಟ್ಟಿನ ಮಾತ್ರೆ ಕೊಟ್ಟಾಗಿಗಿಂತ ಹೆಚ್ಚಾಗಿ ಒಬ್ಬರ ನೋವು ಅರ್ಧಕ್ಕೆ ಇಳಿಯಬೇಕಾದರೆ ಪ್ರಿಗಾಬಲಿನ್ ಅನ್ನು ಸುಮಾರು 8 ಜನಕ್ಕೆ, ಅಮಿಟ್ರಿಪ್ಟಿಲಿನ್ ಗುಂಪಿನದನ್ನು ಸುಮಾರು 4 ಜನಕ್ಕೆ ಕೊಡಬೇಕು. ಆ ಪ್ರಯೋಗಗಳೂ ಹೆಚ್ಚಾಗಿ ಸಕ್ಕರೆ ಕಾಯಿಲೆ, ಸರ್ಪಸುತ್ತಿನವರ ಮೇಲೆ ನಡೆದವು. ನಮ್ಮಂಥವರಿಗೆ ಅದೇ ಎರವಲು. ಯಾರಿಗೆ ಯಾವುದು ಹಿಡಿಯುತ್ತೆ ಅನ್ನೋದನ್ನು ಒಂದೊಂದಾಗಿ ನೋಡಬೇಕು, ವಾರಗಟ್ಟಲೆ ಕಾಯಬೇಕು.

ನನಗೆ ಪ್ರಿಗಾಬಲಿನ್ ಹಿಡಿಯಲಿಲ್ಲ. ತೂಕಡಿಕೆ, ಮೊದಲೇ ತಡವರಿಸುವ ಕಾಲಿಗೆ ಇನ್ನಷ್ಟು ತಡವರಿಕೆ. ಆಮೇಲೆ ಡಾಕ್ಟರು ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಬಾಯಿ ಒಣಗುತ್ತೆ ನಿಜ. ಆದರೆ ಮೂರನೇ ವಾರ ಒಂದು ಬೆಳಿಗ್ಗೆ ಎದ್ದಾಗ, ರಾತ್ರಿ ಒಮ್ಮೆಯೂ ಎಚ್ಚರ ಆಗಿಲ್ಲ ಅನ್ನೋದು ಹೊಳೆಯಿತು. ಅಪ್ಪನಿಗೆ ಇಂಥ ಒಂದು ರಾತ್ರಿ ಸಿಗಲಿಲ್ಲವಲ್ಲ ಅಂತ ಹಾಸಿಗೆ ಮೇಲೇ ಕೂತು ಅತ್ತೆ. ಈ ಮಾತ್ರೆ 1961ರಿಂದಲೂ ಇತ್ತು. ಅಪ್ಪನಿಗೆ ಅದನ್ನು ಕೊಡಬಹುದು ಅಂತ ಯಾರಿಗೂ ತೋಚಲಿಲ್ಲ ಅಷ್ಟೇ.

ಕಾಯಿಲೆ ಅಲ್ಲೇ ಇದೆ. ಅದನ್ನೇ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ.

ಮೊನ್ನೆ ಮಗಳನ್ನು ಹಳೇಬೀಡಿಗೆ ಕರ್ಕೊಂಡು ಹೋಗಿದ್ದೆ. ನಾನು ದಪ್ಪ ಕಾಲುಚೀಲ ಹಾಕ್ಕೊಂಡಿದ್ದೆ. ಜಗತಿ ಮೇಲೆ ಕಾಲಿಟ್ಟವಳೇ "ಅಪ್ಪಾ, ಸುಡುತ್ತೆ!" ಅಂತ ಕುಣಿದು ನನ್ನ ಪಾದದ ಮೇಲೆ ನಿಂತಳು. ಇದರಿಂದ ಏನೂ ಖಚಿತವಾಗಲ್ಲ, ಗೊತ್ತು. ಆದರೂ ಆ ಕೂಗು ಎಷ್ಟು ಹಿತವಾಗಿತ್ತು ಅಂತೀರಿ!

ನಿಮ್ಮ ಮನೆಯಲ್ಲಿ ರಾತ್ರಿ ಕಾಲುರಿ ಅನ್ನೋ ಹಿರಿಯರಿದ್ದರೆ 'ವಾಯು' ಅಂತ ಬಿಟ್ಟುಬಿಡಬೇಡಿ. ಒಮ್ಮೆ ನರರೋಗ ತಜ್ಞರ ಹತ್ತಿರ ಕರ್ಕೊಂಡು ಹೋಗಿ.