ದೀಪವಿಲ್ಲದ ಊರುಗಳ ನಕ್ಷೆ

ನಿಧಿ ಹುಡುಕುವವರೆಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ನಮ್ಮೂರಿನ ಆಚೆ, ಕೆರೆ ಏರಿಯ ಕೆಳಗೆ, ಪಾಳುಬಿದ್ದ ಈಶ್ವರನ ಗುಡಿಯೊಂದಿತ್ತು. ಅಮಾವಾಸ್ಯೆ ಕಳೆದ ಒಂದು ಬೆಳಿಗ್ಗೆ ದನ ಹೊಡೆದುಕೊಂಡು ಹೋದವರು ಓಡಿಬಂದು ಸುದ್ದಿ ಹೇಳಿದರು. ಹೋಗಿ ನೋಡಿದರೆ ಲಿಂಗ ಪಕ್ಕಕ್ಕೆ ಉರುಳಿತ್ತು. ಅದಿದ್ದ ಜಾಗದಲ್ಲಿ ಆಳುದ್ದದ ಗುಂಡಿ, ಸುತ್ತ ಕುಂಕುಮ ಹಚ್ಚಿದ ನಿಂಬೆಹಣ್ಣು. ಏನು ಸಿಕ್ಕಿತೋ, ಸಿಗಲಿಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಹಾಗಾಗಿ ಇಂಗ್ಲೆಂಡಿನ ಸಫೊಕ್ ಪ್ರಾಂತ್ಯಕ್ಕೆ ಬಂದ ಹೊಸದರಲ್ಲಿ, ಪಕ್ಕದ ಮನೆಯ ಹಿರಿಯರು ಭಾನುವಾರದಂದು ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳತ್ತ ಹೊರಡುವುದನ್ನು ಕಂಡಾಗ ನನಗೆ ಆ ಗುಂಡಿಯೇ ನೆನಪಾಗುತ್ತಿತ್ತು. ಒಂದು ದಿನ ಅವರೇ ಕರೆದರು. "ಭಾನುವಾರ ಬೇಡ, ಶನಿವಾರ ಸಂಜೆಯೇ ಬನ್ನಿ. ನಿಜವಾದ ಕೆಲಸ ಆಗಲೇ ನಡೆಯುವುದು" ಅಂದರು.

ಹೋದರೆ ಊಟದ ಮೇಜಿನ ತುಂಬ ನಕ್ಷೆಗಳು. ಮೊದಲಿಗೆ ತೋರಿಸಿದ್ದು ಟೈತ್ ನಕ್ಷೆ. ಒಂದು ಕಾಲಕ್ಕೆ ಇಲ್ಲಿನ ರೈತರು ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡಬೇಕಿತ್ತು. 1836ರ ಕಾನೂನು ಅದನ್ನು ಹಣದ ರೂಪಕ್ಕೆ ತಂದಿತು. ಯಾರು ಎಷ್ಟು ಕೊಡಬೇಕೆಂದು ಗೊತ್ತುಮಾಡಲು ಊರೂರನ್ನೂ ಅಳೆದು ನಕ್ಷೆ ಬರೆದರು. ಪ್ರತಿ ಹೊಲಕ್ಕೆ ಒಂದು ನಂಬರು. ಜೊತೆಗಿನ ಪಟ್ಟಿಯಲ್ಲಿ ಒಡೆಯ ಯಾರು, ಉಳುವವ ಯಾರು, ವಿಸ್ತೀರ್ಣ ಎಷ್ಟು ಎಂಬ ವಿವರ. ನಮ್ಮ ಪಹಣಿಯ ಅಣ್ಣನೇ ಅನ್ನಿ. ಆದರೆ ಹಿರಿಯರ ಬೆರಳು ಓಡಾಡುತ್ತಿದ್ದದ್ದು ಇನ್ನೊಂದು ಕಲಮಿನ ಮೇಲೆ: ಹೊಲದ ಹೆಸರು.

"ಚೆಸ್ಟರ್" ಎಂದು ಹೆಸರಿದ್ದರೆ ರೋಮನ್ನರ ನೆಲೆ ಇದ್ದಿರಬಹುದು, ಲ್ಯಾಟಿನ್ನಿನ ಕೋಟೆಯ ಪದದಿಂದ ಬಂದದ್ದು ಅದು. "ಕರಿನೆಲ" ಎಂಬ ಅರ್ಥದ ಹೆಸರಿದ್ದರೆ ಜನ ಬಹುಕಾಲ ಬಾಳಿ, ಒಲೆಬೂದಿ ಕಸಕಡ್ಡಿ ಬೆರೆತು ಮಣ್ಣು ಕಪ್ಪಾಗಿರುವ ಸಾಧ್ಯತೆ. ಜಾತ್ರೆಯ ಹೆಸರಿದ್ದರೆ ಅಲ್ಲಿ ಕಾಸು ಕೈಯಿಂದ ಕೈಗೆ ಓಡಾಡಿದೆ, ಕೆಲವು ಜಾರಿಬಿದ್ದಿವೆ. ಕೇಳುತ್ತ ನನಗೆ ಸುರಪುರ ಸೀಮೆಯ ಬೂದಿಹಾಳ ನೆನಪಾಯಿತು. ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿಯ ದಿಬ್ಬ ಅಲ್ಲಿದೆ. ಉತ್ಖನನ ನಡೆಸಿದವರು ಬರುವ ಮೊದಲೇ ಊರಿನ ಹೆಸರು ಗುಟ್ಟು ಹೇಳಿಯಾಗಿತ್ತು.

ಆಮೇಲೆ ಆರ್ಡ್‌ನನ್ಸ್ ಸರ್ವೆಯ ನಕ್ಷೆಗಳು. ಫ್ರೆಂಚರು ದಂಡೆತ್ತಿ ಬಂದಾರೆಂಬ ಭಯದಲ್ಲಿ 1791ರಲ್ಲಿ ಹುಟ್ಟಿದ ಇಲಾಖೆಯದು. ಮೊದಲ ನಕ್ಷೆ 1801ರಲ್ಲಿ, ಕೆಂಟ್ ಪ್ರಾಂತ್ಯದ್ದು. ಮುಂದೆ ಮೈಲಿಗೆ 25 ಇಂಚಿನ ಅಳತೆಯಲ್ಲಿ ಬರೆದಾಗ ಬಾವಿ, ಕಾಲುಸೇತುವೆಯೆಲ್ಲ ನಕ್ಷೆಗೆ ಬಂದವು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಇಂದಿನ ಉಪಗ್ರಹ ಚಿತ್ರದ ಮೇಲೆ ಹಳೆಯದನ್ನು ಹೊದಿಸಿ, ಮೆಲ್ಲಗೆ ತೆಳುವಾಗಿಸುತ್ತ ಹೋದರೆ ಇವತ್ತಿನ ಬಟಾಬಯಲಿನಲ್ಲಿ ಒಂದು ಮನೆ, ಅದರ ಹಿತ್ತಿಲು, ಎರಡು ಕಾಲುದಾರಿ ಕೂಡುವ ಮೂಲೆ ಎದ್ದುಬರುತ್ತವೆ. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ್ದು ಯಾವುದು? ಹುಡುಕಬೇಕಾದ ಜಾಗ ಅದೇ.

ಮರುದಿನ ರೈತನ ಅನುಮತಿ ಪಡೆದ ಹೊಲದಲ್ಲಿ ನಾಲ್ಕು ಗಂಟೆ ನಡೆದೆವು. ಸಿಕ್ಕಿದ್ದು ಮೂರು ಗುಂಡಿ, ಸೀಸದ ಒಂದು ಗುಂಡು, ವಿಕ್ಟೋರಿಯಾ ರಾಣಿಯ ಸವೆದ ಪೆನ್ನಿ. ನೇಗಿಲು ಆಗಲೇ ಕಲಕಿದ ಪದರಕ್ಕಿಂತ ಕೆಳಗೆ ಅವರು ಅಗೆಯಲಿಲ್ಲ. ಒಂದೊಂದನ್ನೂ ಬೇರೆ ಬೇರೆ ಚೀಟಿಯ ಪೊಟ್ಟಣಕ್ಕೆ ಹಾಕಿ, ಸಿಕ್ಕ ಜಾಗದ ಅಂಕಿಗಳನ್ನು ಬರೆದುಕೊಂಡರು. ಪೆನ್ನಿಗೆ ಇಷ್ಟೆಲ್ಲ ಯಾಕೆ ಎಂದೆ. "ಇದರ ಬೆಲೆ ಒಂದು ಕಾಫಿಗೂ ಸಾಲದು. ಇದು ಎಲ್ಲಿ ಬಿದ್ದಿತ್ತು ಎನ್ನುವುದಕ್ಕೆ ಬೆಲೆ" ಅಂದರು.

ಆ ಮಾತಿನ ತೂಕ ತಿಳಿಯಲು ಸಫೊಕ್‌ನದೇ ಒಂದು ಕತೆ ಸಾಕು. 1992ರ ನವೆಂಬರಿನಲ್ಲಿ ಹಾಕ್ಸ್‌ನ್ ಎಂಬ ಹಳ್ಳಿಯ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಗೆಳೆಯ ಎರಿಕ್ ಲಾಸ್ ಅದನ್ನು ಹುಡುಕಲು ಡಿಟೆಕ್ಟರ್ ತಂದ. ಸಿಕ್ಕಿದ್ದು ರೋಮನ್ ಕಾಲದ ಚಿನ್ನ ಬೆಳ್ಳಿ, ಸುಮಾರು 15,000 ನಾಣ್ಯ. ಸ್ವಲ್ಪ ತೆಗೆದವನೇ ಕೈ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಪುರಾತತ್ವದವರು ಬಂದು ಅಗೆದಿದ್ದರಿಂದ ಮರದ ಪೆಟ್ಟಿಗೆಯ ಕುರುಹು, ಸಣ್ಣ ಬೀಗಗಳು, ಒಳಗೆ ಹೇಗೆ ಜೋಡಿಸಿದ್ದರೆಂಬ ಕ್ರಮ ಎಲ್ಲವೂ ಉಳಿದವು. ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

ಇದಕ್ಕೆ ವಿರುದ್ಧವಾದದ್ದು 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ನಡೆಯಿತು. ವೈಕಿಂಗರ ಕಾಲದ ನಿಧಿ ಸಿಕ್ಕ ಇಬ್ಬರು ಕಾನೂನಿನಂತೆ ತಿಳಿಸದೆ ಮಾರತೊಡಗಿದರು. 2019ರಲ್ಲಿ ಜೈಲಿಗೆ ಹೋದರೂ ನಾಣ್ಯಗಳಲ್ಲಿ ಬಹುಪಾಲು ಮರಳಿ ಸಿಗಲಿಲ್ಲ. ಸಿಕ್ಕ ಕೆಲವೇ ನಾಣ್ಯಗಳಲ್ಲಿ ವೆಸೆಕ್ಸಿನ ಆಲ್‌ಫ್ರೆಡ್ ಮತ್ತು ಮರ್ಸಿಯಾದ ಕಿಯೋಲ್‌ವುಲ್ಫ್ ದೊರೆಗಳ ಮೈತ್ರಿಯ ಸುಳಿವಿತ್ತು. ಮುಂದಿನ ಚರಿತ್ರಕಾರರು ಕಿಯೋಲ್‌ವುಲ್ಫನನ್ನು ಕೈಗೊಂಬೆಯೆಂದು ತಳ್ಳಿಹಾಕಿದ್ದರು. ಕಳೆದುಹೋದ ನಾಣ್ಯಗಳು ಇನ್ನೇನು ಹೇಳುತ್ತಿದ್ದವೋ.

ನಮ್ಮೂರ ಗುಡಿಯ ಗುಂಡಿಯಲ್ಲಿ ನನಗೆ ಕಂಡದ್ದೇನೆಂದು ಆಗ ಅರ್ಥವಾಯಿತು. ಅಲ್ಲಿ ಕದ್ದದ್ದು ಚಿನ್ನವನ್ನಲ್ಲ, ಬಹುಶಃ ಚಿನ್ನ ಇರಲೇ ಇಲ್ಲ. ಕದ್ದದ್ದು ಜಾಗವನ್ನು. ಮಣ್ಣಿನ ಪದರಗಳು ಒಮ್ಮೆ ಕಲಸಿಹೋದರೆ ಯಾವ ವಿದ್ವಾಂಸರೂ ಅವನ್ನು ಮತ್ತೆ ಓದಲಾರರು.

ಬ್ರಿಟಿಷ್ ಭಾರತದಲ್ಲಿ ನಿಧಿಯ ಕಾಯ್ದೆ 1878ರಲ್ಲೇ ಬಂದಿತ್ತು. ಪರವಾನಗಿ ಇಲ್ಲದೆ ಪುರಾತನ ತಾಣ ಅಗೆಯುವುದು ಇಂದೂ ಅಪರಾಧ. ಅದು ಸರಿಯೇ. ಆದರೆ ನಕ್ಷೆ ಓದಲು ಯಾರ ಅಪ್ಪಣೆಯೂ ಬೇಡ. ಕಳೆದ ಸಲ ಊರಿಗೆ ಹೋದಾಗ ಗ್ರಾಮನಕ್ಷೆ ಹರವಿಕೊಂಡು ದೊಡ್ಡಪ್ಪನ ಪಕ್ಕ ಕೂತೆ. ಕೆರೆ, ಗುಂಡುತೋಪು, ಬಂಡಿದಾರಿ ದಾಟಿ, ನಮ್ಮೂರಿಗೆ ತಾಗಿದ ಇನ್ನೊಂದು ಊರಿನ ಹೆಸರು. ಅಲ್ಲೀಗ ಬರೀ ರಾಗಿಹೊಲ.

"ಅದು ಬೇಚರಾಕ್ ಗ್ರಾಮ ಕಣಪ್ಪ" ಅಂದರು ದೊಡ್ಡಪ್ಪ. ಕಂದಾಯದ ಲೆಕ್ಕದಲ್ಲಿ ಊರು, ನೆಲದ ಮೇಲೆ ಒಬ್ಬರೂ ಇಲ್ಲ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚರಾಕ್ ಅಂದರೆ ದೀಪವಿಲ್ಲದ್ದು.

ಸಂಜೆ ಅಲ್ಲಿಗೆ ಹೋದೆವು. ಸಾಲು ಸಾಲಾಗಿ ಬಿದ್ದ ಮಡಕೆ ಚೂರುಗಳನ್ನು ತೋರಿಸಿ ದೊಡ್ಡಪ್ಪ, "ಇಲ್ಲೇ ಇದ್ದಿರಬೇಕು ಬೀದಿ" ಎಂದರು. ಒಂದು ಚೂರನ್ನು ಕೈಗೆತ್ತಿಕೊಂಡೆ. ನೋಡಿ, ಇದ್ದಲ್ಲೇ ಇಟ್ಟೆ.