ಬಸುರಿಯ ತಟ್ಟೆ

ನಮ್ಮ ಕಾಲೇಜಿನಲ್ಲಿ ಸ್ಲೇಟಿನ ಮೇಲೆ ಬರೆಯುವವರು ಯಾರೂ ಇಲ್ಲ. ಆದುದರಿಂದ ಅಧ್ಯಾಪಕರ ಕೊಠಡಿಯಲ್ಲಿ ಗೆಳತಿಯೊಬ್ಬಳ ಮೇಜಿನ ಖಾನೆಯೊಳಗೆ ಬಳಪದ ಪೆಟ್ಟಿಗೆಯೊಂದು ಕಣ್ಣಿಗೆ ಬಿದ್ದಾಗ ನಾನು ಬೆರಗಾದೆ. ಪೆಟ್ಟಿಗೆ ಅರ್ಧ ಖಾಲಿಯಾಗಿತ್ತು. ಅವಳು ನಕ್ಕು, “ಯಾಕೋ ಕಡಿಯಬೇಕು ಅನ್ನಿಸುತ್ತೆ ಅಕ್ಕ, ಯಾರಿಗೂ ಹೇಳಬೇಡಿ” ಎಂದಳು. ಅವಳಿಗೆ ಮೂವತ್ತಾರು ವರ್ಷ, ಮದುವೆಯಾಗಿ ಹತ್ತು ವರ್ಷಗಳ ಮೇಲೆ ನಿಂತ ಬಸಿರು, ಐದನೆಯ ತಿಂಗಳು.

ಬಳಪಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅವಳ ಊಟದ ಡಬ್ಬಿ. ಒಂದು ಸೌತೆಕಾಯಿ, ಒಂದು ಚಪಾತಿ, ನಾಲ್ಕು ಬಾದಾಮಿ. ಅದರಲ್ಲೂ ಚಪಾತಿಯ ಅರ್ಧ ಮನೆಗೆ ಹಿಂದಿರುಗುತ್ತಿತ್ತು. ಕಾರಣ ಕೇಳಿದರೆ ಒಂದಲ್ಲ, ಎರಡು ಹೇಳಿದಳು. ಮೊದಲನೆಯದು ಅವಳ ಮೊಬೈಲು ಕಲಿಸಿದ್ದು: ಈಗ ಏರಿದ ತೂಕ ಆಮೇಲೆ ಇಳಿಯುವುದಿಲ್ಲ. ಎರಡನೆಯದು ಅವಳ ಅತ್ತೆ ಕಲಿಸಿದ್ದು: ತಾಯಿ ಹೆಚ್ಚು ಉಂಡರೆ ಮಗು ದಪ್ಪವಾಗುತ್ತದೆ, ದಪ್ಪವಾದರೆ ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ಅತ್ತೆಯೂ ಮೊಬೈಲೂ ಒಮ್ಮತಕ್ಕೆ ಬರುವುದು ನಮ್ಮ ಕಾಲದಲ್ಲಿ ಅಪರೂಪ. ಬಂದಾಗ ನಡುವೆ ಸಿಕ್ಕಿಕೊಂಡವಳ ಗತಿ ಏನು?

ನಾನು ವೈದ್ಯಳಲ್ಲ, ಕನ್ನಡದ ಮೇಷ್ಟರು. ಅಂದು ಮನೆಗೆ ಬಂದವಳೇ ನನಗೆ ಪರಿಚಯವಿದ್ದ ಬಸುರಿಯೊಬ್ಬಳನ್ನು ಹುಡುಕಿಕೊಂಡು ‘ರಘುವಂಶ’ದ ಮೂರನೆಯ ಸರ್ಗವನ್ನು ತೆರೆದೆ. ದಿಲೀಪನ ರಾಣಿ ಸುದಕ್ಷಿಣೆ ಅಲ್ಲಿ ಬಸುರಿ. ಮೈ ಬಡವಾಗಿ ಒಡವೆಗಳಲ್ಲಿ ಕೆಲವನ್ನು ತೆಗೆದಿಟ್ಟಿದ್ದಾಳೆ. ಮುಖ ಲೋಧ್ರದ ಹೂವಿನಂತೆ ಬಿಳಿಚಿದೆ. ಬಾಯಿ ಮಣ್ಣಿನ ಕಂಪು ಸೂಸುತ್ತಿದೆ. ರಾಣಿ ಮಣ್ಣು ತಿನ್ನುತ್ತಿದ್ದಳು! ಹುಟ್ಟಲಿರುವ ಮಗ ಭೂಮಿಯನ್ನೆಲ್ಲ ಭೋಗಿಸತಕ್ಕವನು, ಅದಕ್ಕೇ ಅವಳು ಬೇರೆ ರಸಗಳನ್ನೆಲ್ಲ ದಾಟಿ ಮೊದಲು ಮಣ್ಣಿನಲ್ಲಿ ಮನಸ್ಸಿಟ್ಟಳು ಎಂಬುದು ಕವಿಯ ಸಮಾಧಾನ. ಇಪ್ಪತ್ತು ವರ್ಷಗಳಿಂದ ಈ ಕಲ್ಪನೆಯನ್ನು ತರಗತಿಯಲ್ಲಿ ಕೊಂಡಾಡುತ್ತ ಬಂದಿದ್ದೇನೆ. ಅಂದು ಮಾತ್ರ ಕಲ್ಪನೆಗಿಂತ ಲಕ್ಷಣಗಳು ಎದ್ದು ಕಂಡವು. ಬಿಳಿಚಿದ ಮುಖ, ಬಡವಾದ ಮೈ, ಬೇರೆ ಆಹಾರ ಬೇಡವೆನ್ನುವ ನಾಲಗೆ, ಮಣ್ಣಿನ ಆಸೆ. ಮಣ್ಣು, ಬಳಪ, ಬೂದಿ, ಹಸಿ ಅಕ್ಕಿ ಇವುಗಳ ಬಯಕೆಗೂ ರಕ್ತದಲ್ಲಿ ಕಬ್ಬಿಣದ ಕೊರತೆಗೂ ನಂಟಿದೆಯೆಂದು ಇಂದಿನ ವೈದ್ಯರು ಹೇಳುತ್ತಾರೆ. ಕಾಳಿದಾಸ ಕಾರಣವನ್ನು ತಿಳಿಯದಿದ್ದರೂ ಕಂಡದ್ದನ್ನು ತಪ್ಪಾಗಿ ಬರೆಯಲಿಲ್ಲ.

ಅದೇ ಸರ್ಗದ ಇನ್ನೊಂದು ಸಂಗತಿ ನನ್ನನ್ನು ಚುಚ್ಚಿತು. ನಾಚಿಕೆಯಿಂದ ರಾಣಿ ತನಗೇನು ಬೇಕೆಂದು ಬಾಯಿಬಿಡುವುದಿಲ್ಲ. ಆದುದರಿಂದ ರಾಜ ಮತ್ತೆ ಮತ್ತೆ ಅವಳ ಗೆಳತಿಯರನ್ನು ವಿಚಾರಿಸುತ್ತಾನೆ. ಗೆಳತಿಯರಿಗೆ ಗೊತ್ತಿರಬೇಕು ಎಂಬುದು ಅವನ ಎಣಿಕೆ.

ನಮ್ಮ ಶಾಸ್ತ್ರಗಳು ಬಸುರಿಯನ್ನು ಉಪವಾಸ ಕೆಡವಿದವೆಂದು ಯಾರೂ ಹೇಳುವಂತಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ತಿಂಗಳು ತಿಂಗಳಿಗೂ ಆಹಾರದ ಕ್ರಮವಿದೆ: ಮೊದಲ ತಿಂಗಳು ಹಾಲು, ಮೂರನೆಯದರಲ್ಲಿ ಜೇನು ತುಪ್ಪ ಬೆರೆಸಿದ ಹಾಲು, ನಾಲ್ಕರಲ್ಲಿ ಬೆಣ್ಣೆ, ಐದರಲ್ಲಿ ತುಪ್ಪ, ಎಂಟರಲ್ಲಿ ಹಾಲಿನ ಗಂಜಿ. ಬಸುರಿಗೆ ಎರಡು ಹೃದಯ, ಅವಳ ಬಯಕೆ ಒಳಗಿರುವ ಮಗುವಿನ ಬಯಕೆಯೂ ಹೌದು, ಅದನ್ನು ತಡೆಯಬಾರದು ಎಂದೂ ಅಲ್ಲಿ ಹೇಳಿದೆ. ನಮ್ಮ ಬಯಕೆ ಊಟ, ಸೀಮಂತಗಳಲ್ಲಿ ಈ ಭಾವನೆಯ ಎಳೆ ಇಂದಿಗೂ ಉಳಿದಿದೆ. ಆದರೆ ಗ್ರಂಥ ಬೇರೆ, ಅಡುಗೆಮನೆ ಬೇರೆ. ಸೀಮಂತದ ದಿನ ಮಡಿಲಿಗೆ ತುಂಬುವ ಚಿಗಳಿ ತಂಬಿಟ್ಟುಗಳನ್ನು ಹಾಡುಗಳು ಹೊಗಳುತ್ತವೆ. ಮರುದಿನ ಮಾವ, ಮೈದುನರು, ಮಕ್ಕಳು ಎಲ್ಲರೂ ಉಂಡೆದ್ದ ಮೇಲೆ ಸೊಸೆಯ ಪಾಲಿಗೆ ಪಾತ್ರೆಯಲ್ಲಿ ಏನು ಉಳಿದಿತ್ತು ಎಂಬುದನ್ನು ಯಾವ ಕವಿಯೂ ಬರೆದಿಡಲಿಲ್ಲ.

ಇನ್ನು ‘ಕಡಮೆ ಉಣ್ಣು’ ಎಂಬ ಮಾತು. ನನ್ನ ಅಜ್ಜಿಯೂ ಅದನ್ನು ಹೇಳುತ್ತಿದ್ದರು: “ಚಿಕ್ಕದಾಗಿ ಹೆರು, ಆಮೇಲೆ ದೊಡ್ಡದು ಮಾಡು.” ಇದರ ಹಿಂದೆ ಒಂದು ತರ್ಕವಿದೆ, ಅದಕ್ಕೆ ನಮ್ಮ ಭಾಷೆಯೇ ಕುಮ್ಮಕ್ಕು ಕೊಟ್ಟಿತೋ ಎಂದು ನನಗೆ ಅನುಮಾನ. ಅನ್ನ ಹೋಗುವುದೂ ‘ಹೊಟ್ಟೆ’ಗೆ, ಮಗು ಬೆಳೆಯುವುದೂ ‘ಹೊಟ್ಟೆ’ಯಲ್ಲಿ. ‘ಬಸಿರ್’ ಎಂದರೆ ಹಳಗನ್ನಡದಲ್ಲಿ ಬರಿಯ ಹೊಟ್ಟೆಯೂ ಹೌದು. ಒಂದೇ ಚೀಲದಲ್ಲಿ ಎರಡನ್ನು ತುಂಬಿದರೆ ಇಕ್ಕಟ್ಟಾಗದೆ ಇದ್ದೀತೆ? ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿಗಳು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬಸುರಿಯರನ್ನು ಮಾತನಾಡಿಸಿ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೂ ಇದೇ ವಿಚಾರ ಬರುತ್ತದೆ: ಹೆಚ್ಚು ಉಂಡರೆ ಮಗುವಿಗೆ ಜಾಗ ಸಾಲದು, ಮಗು ಬಲು ದೊಡ್ಡದಾದರೆ ಹೆರಿಗೆ ಕಷ್ಟ.

ಇದನ್ನು ಮೌಢ್ಯವೆಂದು ತಳ್ಳಿಬಿಡುವವರಿಗೆ ಒಂದು ಮಾತು. ಇದೇ ಉಪಾಯವನ್ನು ಜರ್ಮನಿಯ ಹ್ಯಾಂಬರ್ಗಿನ ಪ್ರೊಖೋವ್ನಿಕ್ ಎಂಬ ವೈದ್ಯನೇ 1889ರಲ್ಲಿ ಪ್ರಕಟಿಸಿದ. ಅಂದಿನ ಯುರೋಪಿನ ಕೈಗಾರಿಕಾ ನಗರಗಳಲ್ಲಿ ಬಿಸಿಲು ಕಾಣದೆ ಬೆಳೆದ ಹುಡುಗಿಯರಿಗೆ ರಿಕೆಟ್ಸ್ ತಗುಲಿ ಸೊಂಟದ ಮೂಳೆ ಕುಗ್ಗಿರುತ್ತಿತ್ತು. ಮಗು ಹೊರಬರಲಾರದೆ ತಾಯಿ ಮಗು ಇಬ್ಬರೂ ಸಾಯುತ್ತಿದ್ದರು. ಶಸ್ತ್ರಚಿಕಿತ್ಸೆಯೂ ಸಾವಿನ ಬಾಗಿಲೇ ಆಗಿತ್ತು. ಅಂಥವರಿಗೆ ಕೊನೆಯ ಕೆಲವು ವಾರ ನೀರು, ಹಿಟ್ಟು, ಸಕ್ಕರೆಗಳನ್ನು ಕಡಮೆ ಮಾಡಿಸಿ, ಸಣ್ಣದಾದರೂ ಜೀವಂತವಾದ ಮಗುವನ್ನು ಪಡೆಯುವುದು ಅವನ ಗುರಿ. ಸಾವಿಗಿಂತ ಹಸಿವು ಮೇಲೆಂಬ ಲೆಕ್ಕ. ನನ್ನ ಅಜ್ಜಿಯ ಲೆಕ್ಕವೂ ಅದೇ. ಆಸ್ಪತ್ರೆ ಇಲ್ಲದ ಊರಿನಲ್ಲಿ ಹೆರಿಗೆಗೆ ಹೆದರಿದವರನ್ನು ಹಳಿಯಲು ನನಗೆ ಬಾಯಿ ಬಾರದು.

ಕೇಡೆಂದರೆ, ಭಯಕ್ಕೆ ಕಾರಣ ಹೋದರೂ ಪಥ್ಯ ಉಳಿಯಿತು. 1950, 60ರ ದಶಕಗಳಲ್ಲಿ ಅಮೆರಿಕದ ವೈದ್ಯರು, ರಿಕೆಟ್ಸ್ ಇಲ್ಲದ ಹೆಂಗಸರನ್ನೂ ತಿಂಗಳು ತಿಂಗಳು ತಕ್ಕಡಿಯ ಮೇಲೆ ನಿಲ್ಲಿಸಿ, ಒಂಬತ್ತು ಕಿಲೋಗಿಂತ ಹೆಚ್ಚು ಏರಿದರೆ ಗದರಿಸುತ್ತಿದ್ದರು. ತೂಕ ತಡೆದರೆ ಬಸಿರಿನ ನಂಜು ತಡೆಯಬಹುದೆಂಬ ನಂಬಿಕೆ ಅವರದು. 1970ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಈ ಪದ್ಧತಿಗೆ ಆಧಾರವಿಲ್ಲವೆಂದು ಕಂಡು, ಸುಮಾರು ಹನ್ನೊಂದು ಕಿಲೋ ಏರುವುದೇ ಯೋಗ್ಯವೆಂದು ಹೇಳಿತು. ನನ್ನ ಗೆಳತಿಯ ಮೊಬೈಲಿನಲ್ಲಿ ಮಾತಾಡುವವರು ಈ ಹಳೆಯ ತಕ್ಕಡಿಯ ಮೊಮ್ಮಕ್ಕಳೇ ಇರಬೇಕು.

ಆದರೆ ಈ ಚರಿತ್ರೆಯ ನಿಜವಾದ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲಿ, ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ನಲವತ್ತು ವರ್ಷದ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹೆಂಗಸರು ಬಸುರಿಯಾದಾಗ ಒಂದು ಬಗೆಯ ಕಡು ರಕ್ತಹೀನತೆಯಿಂದ ಸಾಯುತ್ತಿದ್ದರು. ಕಾರಣ ಹುಡುಕುವುದು ವಿಲ್ಸ್ ಅವರ ಕೆಲಸ. ಹಾಫ್‌ಕಿನ್ ಸಂಸ್ಥೆ ಅವರ ನೆಲೆ. ಸೋಂಕಿರಬಹುದೇ ಎಂದು ನೋಡಿದರು, ಸಿಗಲಿಲ್ಲ. ಆಮೇಲೆ ಅವರು ಮಾಡಿದ ಕೆಲಸ ಸಾಮಾನ್ಯವಾಗಿ ದೊಡ್ಡ ವೈದ್ಯರು ಮಾಡುವಂಥದಲ್ಲ: ಆ ಹೆಂಗಸರು ಏನು ಉಣ್ಣುತ್ತಾರೆಂದು ವಿಚಾರಿಸಿದರು. ಬಡವರಲ್ಲಿ, ಅದರಲ್ಲಿಯೂ ಮನೆಯಿಂದ ಹೊರಬರದ ಮುಸ್ಲಿಂ ಹೆಂಗಸರಲ್ಲಿ, ಬೇನೆ ಹೆಚ್ಚು. ಅವರ ಊಟದಲ್ಲಿ ಸೊಪ್ಪು, ತರಕಾರಿ, ಹಣ್ಣು ಬಲು ಕಡಮೆ. ಕೂನೂರಿನ ಪ್ರಯೋಗಶಾಲೆಯಲ್ಲಿ ಇಲಿಗಳಿಗೂ ಅದೇ ಊಟ ಹಾಕಿದರು. ಇಲಿಗಳ ಪ್ರಯೋಗ ಹೇನುಗಳ ಕಾಟದಿಂದ ಕೆಟ್ಟಿತೆಂಬುದು ವಿಜ್ಞಾನದ ಚರಿತ್ರೆಯಲ್ಲಿ ಬರುವ ತಮಾಷೆಗಳಲ್ಲೊಂದು. ಕಡೆಗೆ ಮಂಗಗಳಿಗೆ ಅದೇ ಆಹಾರ ಕೊಟ್ಟರು. ಕೈಬಿಟ್ಟಂತೆ ಇದ್ದ ಮಂಗವೊಂದಕ್ಕೆ, ಬಿಯರ್ ಕಾರ್ಖಾನೆಯ ಈಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯವನ್ನು ತಿನ್ನಿಸಿದಾಗ ಅದು ಎದ್ದು ಕುಳಿತಿತು.

ರಕ್ತಹೀನತೆಗೆ ಪಿತ್ತಜನಕಾಂಗವನ್ನು ತಿನ್ನಿಸುವ ಚಿಕಿತ್ಸೆ 1926ರಲ್ಲೇ ಅಮೆರಿಕದಿಂದ ಬಂದಿತ್ತು. ಆದರೆ ಅದು ದುಬಾರಿ, ಮಾಂಸ ಮುಟ್ಟದವರಿಗೆ ಒಗ್ಗುವುದೂ ಇಲ್ಲ. ಮಾರ್ಮೈಟ್ ಈ ಎರಡು ತೊಡಕನ್ನೂ ಬಿಡಿಸಿತು. ಕೊಟ್ಟ ಕೆಲವೇ ದಿನಗಳಲ್ಲಿ ಹೆಂಗಸರಿಗೆ ಮೊದಲು ಮರಳಿ ಬಂದದ್ದು ಹಸಿವು. ಅದರ ಜೊತೆಗೆ ರಕ್ತದ ಕೆಂಪು ಕಣಗಳು ಏರತೊಡಗಿದವು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಈಸ್ಟಿನಲ್ಲಿದ್ದ ಆ ಗುಪ್ತ ವಸ್ತುವಿಗೆ ಬಹಳ ದಿನ ‘ವಿಲ್ಸ್ ಅಂಶ’ ಎಂದೇ ಹೆಸರಿತ್ತು. 1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಸೋಸಿ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ‘ವಿಲ್ಸ್ ಅಂಶ’ವೂ ಇದೂ ಒಂದೇ ಎಂದು ಮುಂದೆ ತಿಳಿಯಿತು. 1945ರ ಹೊತ್ತಿಗೆ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1991ರಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಬೆನ್ನುಹುರಿಯ ದೋಷದ ಮಗುವನ್ನು ಹಿಂದೆ ಹೆತ್ತ ತಾಯಂದಿರಿಗೆ, ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ, ಆ ದೋಷ ಮರುಕಳಿಸುವುದು 72 ಪ್ರತಿಶತ ತಗ್ಗುತ್ತದೆ. ಇಷ್ಟಕ್ಕೆಲ್ಲ ಮೂಲ ಗಿರಣಿಯ ಬಡ ಬಸುರಿಯ ತಟ್ಟೆ. ಅವಳ ಹೆಸರು ಎಲ್ಲಿಯೂ ಇಲ್ಲ.

ಹಸಿವು ಮಗುವಿಗೆ ಏನು ಮಾಡುತ್ತದೆಂಬುದನ್ನು ಲೋಕ ಕಂಡದ್ದು ಯುದ್ಧದಲ್ಲಿ. 1944ರ ಕೊನೆಯಿಂದ 1945ರ ಮೇ ತಿಂಗಳವರೆಗೆ ಪಶ್ಚಿಮ ಹಾಲೆಂಡಿಗೆ ಜರ್ಮನರು ಆಹಾರ ತಡೆದರು. ಜನ ಟ್ಯೂಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ಕಾಲದಲ್ಲೂ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟವರಿದ್ದರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಸಿದವರ ಮಕ್ಕಳು ಸುಮಾರು 300 ಗ್ರಾಂ ಹಗುರ. ಮೊದಲ ತಿಂಗಳುಗಳಲ್ಲಿ ಮಾತ್ರ ಹಸಿದವರ ಮಕ್ಕಳು ನೋಡಲು ಸರಿಯಾಗಿಯೇ ಇದ್ದರು. ಐವತ್ತು ವರ್ಷದ ಮೇಲೆ ಅವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು.

ಹಾಲೆಂಡು ದೂರವಾಯಿತೆನ್ನುವವರು ಮೈಸೂರಿಗೆ ಬರಬಹುದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವ ಕಡೆ, 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಲಾಗಿತ್ತು. ಅಲ್ಲಿ 1934ರಿಂದ 1954ರವರೆಗೆ ಹುಟ್ಟಿ, ಊರಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ಮತ್ತು ಮೇಲ್ಪಟ್ಟವರಲ್ಲಿ ನೂರಕ್ಕೆ 3. ತಾಯಂದಿರ ತೂಕ ಕಡಮೆಯಿದ್ದಲ್ಲಿಯೂ ಮಕ್ಕಳಿಗೆ ಈ ಬೇನೆ ಹೆಚ್ಚು. ‘ಚಿಕ್ಕದಾಗಿ ಹೆರು, ಆಮೇಲೆ ದೊಡ್ಡದು ಮಾಡು’ ಎಂಬ ಮಾತಿನ ಎರಡನೆಯ ಅರ್ಧದಲ್ಲಿ ಇಂಥ ಸಾಲವಿದ್ದುದು ಅಜ್ಜಿಗೆ ಹೇಗೆ ತಿಳಿಯಬೇಕು? ಹಳೆಯ ರಿಜಿಸ್ಟರುಗಳನ್ನು ಗೆದ್ದಲಿಗೆ ಕೊಡುವುದೇ ನಮ್ಮ ನಾಡಿನ ರೂಢಿ. ಅದನ್ನು ಕಾದಿಟ್ಟ ಗುಮಾಸ್ತರಿಗೂ ದಾದಿಯರಿಗೂ ಒಂದು ನಮಸ್ಕಾರ ಸಲ್ಲಬೇಕು.

ಇದನ್ನೆಲ್ಲ ಗೆಳತಿಗೆ ಹೇಳಿದೆನೆ? ಒಂದು ದಿನ ಹೇಳಿದೆ, ತಪ್ಪಾಯಿತು. ಹಾಲೆಂಡಿನವರೆಗೆ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. “ಹಾಗಾದರೆ ನಾನೇ ಮಗುವಿಗೆ ಕೇಡು ಮಾಡುತ್ತಿದ್ದೇನಾ ಅಕ್ಕ?” ಎಂದಳು. ಹತ್ತು ವರ್ಷ ಕಾದು ಬಸುರಿಯಾದವಳಿಗೆ ಪ್ರತಿ ತುತ್ತಿನಲ್ಲೂ ಭಯ. ನಾನು ಹೋಗಿ ಅದಕ್ಕೆ ಇನ್ನೊಂದು ಭಯವನ್ನು ಸೇರಿಸಿದ್ದೆ. ಮಾತು ಬಿಟ್ಟು ಮರುದಿನ ಅವಳ ಜೊತೆ ಆಸ್ಪತ್ರೆಗೆ ಹೋದೆ. ಬಳಪದ ವಿಷಯವನ್ನು ನಾನೇ ಹೇಳಬೇಕಾಯಿತು. ಸುದಕ್ಷಿಣೆಯಂತೆ ಅವಳೂ ನಾಚಿ ಸುಮ್ಮನಿದ್ದಳು. ವೈದ್ಯೆ ನಗಲಿಲ್ಲ, ರಕ್ತ ಪರೀಕ್ಷೆಗೆ ಬರೆದರು. ಹನ್ನೊಂದು ಇರಬೇಕಾದ ಹಿಮೋಗ್ಲೋಬಿನ್ 8.4 ಇತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದಿದೆ; ಆ ಅಂಕಿ ಒಂದು ಮುಖವಾಗಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿತ್ತು.

ಕಬ್ಬಿಣದ ಮಾತ್ರೆ ನಡೆದಿದೆ. ವೈದ್ಯೆಯೇ ಅತ್ತೆಯನ್ನು ಕರೆಸಿ ಮಾತನಾಡಿದರು. ಆ ತಾಯಿ ಪಾಪ, ತಮ್ಮ ಮೊದಲ ಹೆರಿಗೆ ಮೂರು ದಿನ ನಡೆದು ಮಗು ಉಳಿಯಲಿಲ್ಲವೆಂದು ಅಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟರಂತೆ. ಈಗ ನಾನು ಎರಡು ಡಬ್ಬಿ ಒಯ್ಯುತ್ತೇನೆ. ನಿನ್ನೆ ದಂಟಿನ ಸೊಪ್ಪಿನ ಹುಳಿ, ಹೆಸರುಕಾಳಿನ ಪಲ್ಯ ಇತ್ತು. ಎರಡು ಚಪಾತಿ ಮುಗಿಸಿದಳು. ಮೂರನೆಯದನ್ನು ಬೇಡವೆಂದು ನನ್ನ ಕಡೆಗೆ ತಳ್ಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಳಿ ಇನ್ನೂ ಇದೆಯಾ?” ಎಂದು ಕೇಳಿದಳು.